ಡಿ'ಆಂಜೆಲೊ: ತಾಳದಿಂದ ಒಂದು ಕೂದಲೆಳೆ ಹಿಂದೆ

2025ರ ಅಕ್ಟೋಬರ್ 14ರಂದು ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಅಮೆರಿಕದ ಗಾಯಕ ಡಿ'ಆಂಜೆಲೊ ತೀರಿಕೊಂಡಾಗ ಅವರಿಗೆ 51 ವರ್ಷ. ಬಿಟ್ಟುಹೋದದ್ದು ಮೂರೇ ಸ್ಟುಡಿಯೊ ಆಲ್ಬಮ್: ‘ಬ್ರೌನ್ ಶುಗರ್’ (1995), ‘ವೂಡೂ’ (2000), ‘ಬ್ಲ್ಯಾಕ್ ಮೆಸ್ಸಾಯ’ (2014). ಇಷ್ಟರ ಮೇಲೆಯೇ ಅವರನ್ನು ನಿಯೊ-ಸೋಲ್‌ನ (ಕಪ್ಪು ಅಮೆರಿಕನ್ನರ ಸೋಲ್ ಸಂಗೀತದ ಹೊಸ ರೂಪದ) ದೊರೆ ಎಂದವರಿದ್ದಾರೆ, ಎಪ್ಪತ್ತರ ದಶಕದ ಸಂಗೀತಕ್ಕೆ ಮರುಜೀವ ಕೊಟ್ಟವರು ಎಂದವರಿದ್ದಾರೆ, ಒಂದು ವಿಡಿಯೊಗೆ ಬಲಿಯಾದವರು ಎಂದು ಮರುಗಿದವರೂ ಇದ್ದಾರೆ. ಅವರ ಹಾಡಿಗೆ ಏನು ಎಲ್ಲಿಂದ ಬಂತು ಎಂಬುದು ಮಾತ್ರ ಈ ಗದ್ದಲದಲ್ಲಿ ಕಲಸಿಹೋಗಿದೆ.

ಹುಟ್ಟುಹೆಸರು ಮೈಕಲ್ ಯೂಜೀನ್ ಆರ್ಚರ್, ಊರು ವರ್ಜೀನಿಯಾದ ರಿಚ್ಮಂಡ್. ತಂದೆ ಪೆಂಟೆಕೋಸ್ಟಲ್ ಚರ್ಚಿನ ಬೋಧಕರು. ಹಾಗಾಗಿ ಮೊದಲ ಪಾಠ ಚರ್ಚಿನ ಗಾಸ್ಪೆಲ್ ಹಾಡು. ಸೋಲ್, ಫಂಕ್ ಗಾಯಕರಾದ ಮಾರ್ವಿನ್ ಗೇ, ಆಲ್ ಗ್ರೀನ್, ಸ್ಲೈ ಸ್ಟೋನ್ ಆಮೇಲೆ ಬಂದರು. ಪಾಪ್ ತಾರೆ ಪ್ರಿನ್ಸ್‌ನಿಂದ ಕಲಿತದ್ದು ಬೇರೆಯದೇ: ವಾದ್ಯಗಳನ್ನೆಲ್ಲ ತಾನೇ ನುಡಿಸುವುದು, ತನ್ನದೇ ದನಿಯನ್ನು ಪದರ ಪದರವಾಗಿ ಪೇರಿಸಿ ಒಬ್ಬನೇ ಒಂದು ಕಾಯರ್ (ಗಾಯನವೃಂದ) ಆಗುವುದು. ‘ಬ್ರೌನ್ ಶುಗರ್’ ಈ ದಾರಿಯ ಫಲ. ಅದು ಚೆನ್ನಾಗಿ ಮಾರಾಟವಾಯಿತು, ಆದರೆ ಲಯದಲ್ಲಿ ಇನ್ನೂ ಸಭ್ಯ.

ನಿಜವಾದ ತಿರುವು ‘ವೂಡೂ’. ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ನ್ಯೂಯಾರ್ಕಿನಲ್ಲಿ ಕಟ್ಟಿಸಿದ್ದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ ಡ್ರಮ್ಸ್‌ಗೆ ಕ್ವೆಸ್ಟ್‌ಲವ್, ಬೇಸ್‌ಗೆ ಪೀನೊ ಪಲ್ಲಾಡಿನೊ, ತುತ್ತೂರಿಗೆ ರಾಯ್ ಹಾರ್ಗ್ರೋವ್. ಎಂಟು ತಂತಿಯ ಗಿಟಾರಿನಲ್ಲಿ ಬೇಸನ್ನೂ ಗಿಟಾರನ್ನೂ ಒಟ್ಟಿಗೇ ನುಡಿಸುತ್ತಿದ್ದ ಚಾರ್ಲಿ ಹಂಟರ್ ಕೂಡ ಕೆಲವು ಹಾಡುಗಳಿಗೆ ಜೊತೆಯಾದರು. ಹಳೆಯ ಕಛೇರಿಗಳ ವಿಡಿಯೊ ಟೇಪ್ ಹಾಕಿಕೊಂಡು ನೋಡುವುದು, ಆಮೇಲೆ ಗಂಟೆಗಟ್ಟಲೆ ನುಡಿಸುತ್ತ ಹೋಗುವುದು, ಹಿಡಿತಕ್ಕೆ ಸಿಕ್ಕ ತುಣುಕನ್ನು ಹಾಡಾಗಿ ಬೆಳೆಸುವುದು ಅಲ್ಲಿನ ಕ್ರಮ. ಧ್ವನಿಮುದ್ರಣ ಎಂಜಿನಿಯರ್ ರಸೆಲ್ ಎಲೆವಾಡೊ ಎಲ್ಲವನ್ನೂ ಅನಲಾಗ್ ಟೇಪಿನಲ್ಲಿ ಹಿಡಿದರು.

ಆದರೆ ಆ ಕೋಣೆಯ ದೊಡ್ಡ ಗುರು ಹಳಬರಲ್ಲ, ಡೆಟ್ರಾಯ್ಟ್‌ನ ಹಿಪ್-ಹಾಪ್ ನಿರ್ಮಾಪಕ ಜೆ ಡಿಲ್ಲಾ. ತಾಳ ಕಟ್ಟಲು ಅವರು ಬಳಸುತ್ತಿದ್ದ ಎಂಪಿಸಿ 3000 ಯಂತ್ರ ಒಂದು ಬೀಟನ್ನು 96 ಭಾಗ ಮಾಡುತ್ತದೆ. ನಿಮಿಷಕ್ಕೆ 90 ಬೀಟ್‌ನ ವೇಗದಲ್ಲಿ ಒಂದು ಭಾಗವೆಂದರೆ ಸುಮಾರು 7 ಮಿಲಿಸೆಕೆಂಡ್. ಕ್ವಾಂಟೈಸ್ ಗುಂಡಿ ಒತ್ತಿದರೆ ಪ್ರತಿ ಪೆಟ್ಟೂ ಹತ್ತಿರದ ಗೆರೆಗೆ ಹೋಗಿ ಕೂರುತ್ತದೆ. ಡಿಲ್ಲಾ ಕೆಲವು ಪೆಟ್ಟುಗಳನ್ನು ಹಾಗೆ ಕೂರಿಸದೆ ಒಂದನ್ನು ತುಸು ಮುಂದೆ, ಇನ್ನೊಂದನ್ನು ತುಸು ಹಿಂದೆ ಬಿಟ್ಟರು. ಯಂತ್ರದ ಈ ಓಲಾಟವನ್ನು ಮನುಷ್ಯರ ಕೈಯಲ್ಲಿ ನುಡಿಸಿಸಬೇಕೆಂದು ಡಿ'ಆಂಜೆಲೊ ಹಟ ಹಿಡಿದರು. ತಾಳ ಎಣಿಸುವ ಮೆಟ್ರೊನೋಮ್ ಯಂತ್ರದಂತೆ ಬಾರಿಸುವುದಕ್ಕೆ ಹೆಸರಾದ ಕ್ವೆಸ್ಟ್‌ಲವ್‌ಗೆ ತಪ್ಪು ಬಾರಿಸಿದಂತೆ ಕೇಳಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು.

ಇದನ್ನು ಅನುಕರಿಸಲು ಹೋದವರು ಎಡವುವುದೂ ಇಲ್ಲೇ. ಎಲ್ಲರೂ ಒಟ್ಟಿಗೆ ಹಿಂದೆ ಬಿದ್ದರೆ ಹಾಡಿನ ವೇಗ ಇಳಿಯುತ್ತದೆ, ಅಷ್ಟೆ. ಯಾರಾದರೂ ಒಬ್ಬರು ಅಲುಗಾಡಬಾರದು. ಅದು ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ಎಂದಿಟ್ಟುಕೊಳ್ಳಿ. ಬೇಸ್ ಅದರಿಂದ 20–30 ಮಿಲಿಸೆಕೆಂಡ್ ತಡವಾಗಿ ಬರಬೇಕು, ದನಿ ಬೇಸಿಗಿಂತಲೂ ನಿಧಾನ. ಅಂತರ ಇನ್ನೂ ಹಿಗ್ಗಿದರೆ ಎರಡು ಪೆಟ್ಟು ಬೇರೆ ಬೇರೆಯಾಗಿ ಕೇಳಿಸಿ ಹಾಡು ಒಡೆಯುತ್ತದೆ. ನಮ್ಮ ಅತೀತ–ಅನಾಗತ ಎಡುಪಿನೊಂದಿಗೆ (ಕರ್ನಾಟಕ ಸಂಗೀತದಲ್ಲಿ ತಾಳಕ್ಕಿಂತ ಮೊದಲೋ ನಂತರವೋ ಹಾಡು ಎತ್ತಿಕೊಳ್ಳುವುದು) ಇದನ್ನು ಹೋಲಿಸುವುದು ಸರಿಯಾಗದು. ಎಡುಪನ್ನು ಎಣಿಸಬಹುದು, ಈ ಅಂತರ ಎಣಿಕೆಗೆ ಸಿಗುವುದಿಲ್ಲ.

‘ನಿಯೊ-ಸೋಲ್’ ಹಣೆಪಟ್ಟಿಯನ್ನು ಚಾಲ್ತಿಗೆ ತಂದವರು ಒಂದು ಕಾಲದ ಅವರ ಮ್ಯಾನೇಜರ್ ಕೆಡಾರ್ ಮ್ಯಾಸೆನ್‌ಬರ್ಗ್. ಮಾರಾಟಕ್ಕೆ ಅದು ಅನುಕೂಲವಾಯಿತು, ಆದರೆ ಹೊಸ ಯಂತ್ರದಿಂದ ಕಲಿತ ಲಯ ಹಳೆಯದರ ನೆನವರಿಕೆಯಾಗಿ ಕಾಣತೊಡಗಿತು. ಬರಿಮೈಯ ಗಾಯಕನನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಿದ, ‘ವೂಡೂ’ದ ‘ಅನ್‌ಟೈಟಲ್ಡ್’ ಹಾಡಿನ ವಿಡಿಯೊ ಉಳಿದುದನ್ನೂ ಮರೆಮಾಡಿತು. ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಪ್ರವಾಸದಲ್ಲಿ ಮಾತ್ರ ಅಂಗಿ ಬಿಚ್ಚು ಎಂಬ ಕೂಗು ಸಂಗೀತಕ್ಕಿಂತ ಜೋರಾಗಿತ್ತು.

ಆಮೇಲಿನ ಕುಡಿತ, 2005ರ ಕಾರು ಅಪಘಾತಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಹದಿನಾಲ್ಕು ವರ್ಷದ ಅಂತರವನ್ನು ಬರೀ ಸೋಮಾರಿತನದ ಲೆಕ್ಕಕ್ಕೆ ಹಾಕುವವರು ‘ಬ್ಲ್ಯಾಕ್ ಮೆಸ್ಸಾಯ’ದ ಜೊತೆ ಅಚ್ಚಾದ ಟಿಪ್ಪಣಿ ಓದಬೇಕು: ಒಂದೂ ಡಿಜಿಟಲ್ ಪ್ಲಗ್-ಇನ್ (ಸದ್ದು ತಿದ್ದುವ ತಂತ್ರಾಂಶ) ಬಳಸಿಲ್ಲ, ಎಲ್ಲ ಟೇಪಿನಲ್ಲೇ. ಬೇಸಿಗೆ ಮತ್ತೆ ಪಲ್ಲಾಡಿನೊ, ಗಿಟಾರ್ ಬಹಳಷ್ಟು ಕಡೆ ಡಿ'ಆಂಜೆಲೊ ಅವರದೇ ಕೈ.