ಪಾದದಿಂದ ಮಿಡಿ ಸಂದೇಶದವರೆಗೆ

ಕೀಬೋರ್ಡ್ ನುಡಿಸುವವರ ಎರಡೂ ಕೈಗಳು ಸ್ವರಗಳಿಗೇ ಮೀಸಲಾಗಿರುವುದರಿಂದ, ನುಡಿಸಿದ ಸ್ವರವನ್ನು ಹಿಡಿದಿಡುವುದು, ದನಿಯನ್ನು ಏರಿಳಿಸುವುದು, ನುಡಿಸುತ್ತಿರುವಾಗಲೇ ಬೇರೊಂದು ನಾದಕ್ಕೆ ಹೊರಳುವುದು ಮುಂತಾದ ಕೆಲಸಗಳು ಪಾದದ ಪಾಲಿಗೆ ಬರುತ್ತವೆ. ಮೈಕ್ರೋಕಂಟ್ರೋಲರ್ (ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಕಂಪ್ಯೂಟರ್ ಚಿಪ್) ಬಳಸಿ ತಮ್ಮದೇ ಮಿಡಿ ಕಂಟ್ರೋಲರ್, ಅಂದರೆ ವಿದ್ಯುನ್ಮಾನ ವಾದ್ಯಗಳ ನಡುವಿನ ಸಂದೇಶಭಾಷೆಯಾದ ಮಿಡಿಯಲ್ಲಿ (MIDI) ಆಜ್ಞೆ ಕಳಿಸುವ ಪೆಟ್ಟಿಗೆ, ಕಟ್ಟುವವರು ಸಾಮಾನ್ಯವಾಗಿ ಬಟನ್‌ಗಳನ್ನೂ ನಾಬ್‌ಗಳನ್ನೂ ಜೋಡಿಸಿ ಮುಗಿಸಿದ ನಂತರ ಪೆಡಲಿನ ಕಡೆ ತಿರುಗುತ್ತಾರೆ ಮತ್ತು ಅದು ಎರಡು ತಂತಿಗಳ ಕೆಲಸವೆಂದು ಭಾವಿಸುತ್ತಾರೆ. ತಂತಿಗಳ ಮಟ್ಟಿಗೆ ಅದು ನಿಜವೇ. ಪೆಡಲಿನ ಒಳಗೆ ಇರುವುದು ಒಂದು ಸ್ವಿಚ್ ಅಥವಾ ಒಂದು ಪೊಟೆನ್ಶಿಯೋಮೀಟರ್ (ಆಡಿಸಿದಂತೆ ವಿದ್ಯುತ್ ಪ್ರತಿರೋಧ ಬದಲಾಗುವ ಬಿಡಿಭಾಗ) ಮಾತ್ರ. ಅದಕ್ಕೆ ಮಿಡಿಯೂ ತಿಳಿಯದು, ಸಂಗೀತವೂ ತಿಳಿಯದು. ತಂತಿಯಲ್ಲಿ ಬರುವ ವೋಲ್ಟೇಜಿನಿಂದ ನುಡಿಸುವವರ ಉದ್ದೇಶವನ್ನು ಗ್ರಹಿಸುವ ಹೊಣೆಯೆಲ್ಲ ನಾವು ಕಟ್ಟುವ ಪೆಟ್ಟಿಗೆಯದು, ಮತ್ತು ಈ ಕೆಲಸದ ನಿಜವಾದ ಕಷ್ಟವಿರುವುದು ಅಲ್ಲಿಯೇ.

ಮಿಡಿಯ ಭಾಗ ಸರಳವಾಗಿದೆ. 1983ರಲ್ಲಿ ಬಳಕೆಗೆ ಬಂದ ಈ ಮಾನಕದಲ್ಲಿ ಪೆಡಲಿನ ಚಲನೆಯನ್ನು ‘ಕಂಟ್ರೋಲ್ ಚೇಂಜ್’ ಎಂಬ ಮೂರು ಬೈಟ್‌ಗಳ ಸಂದೇಶ ಹೊತ್ತೊಯ್ಯುತ್ತದೆ. ಮೊದಲ ಬೈಟ್ ಸಂದೇಶದ ಬಗೆಯನ್ನೂ ಅದು ಯಾವ ವಾದ್ಯಕ್ಕೆಂದು ಗುರುತಿಸುವ ಚಾನೆಲನ್ನೂ ಹೇಳುತ್ತದೆ, ಎರಡನೆಯದು ಕಂಟ್ರೋಲರಿನ ಸಂಖ್ಯೆಯನ್ನು, ಮೂರನೆಯದು 0ರಿಂದ 127ರವರೆಗಿನ ಮೌಲ್ಯವನ್ನು. ಸ್ವರ ಹಿಡಿದಿಡುವ ಸಸ್ಟೇನ್ ಪೆಡಲಿಗೆ 64, ಒತ್ತುವ ಕ್ಷಣದಲ್ಲಿ ಅದುಮಿದ್ದ ಸ್ವರಗಳನ್ನಷ್ಟೇ ಹಿಡಿದಿಡುವ ಸೊಸ್ಟೆನುಟೊಗೆ 66, ದನಿಯನ್ನು ಮೆದುವಾಗಿಸುವ ಸಾಫ್ಟ್ ಪೆಡಲಿಗೆ 67, ದನಿಯನ್ನು ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲಿಗೆ 11 ಎಂಬ ಸಂಖ್ಯೆಗಳು ಗೊತ್ತಾಗಿವೆ. ಸ್ವಿಚ್ ಬಗೆಯ ಪೆಡಲುಗಳಲ್ಲಿ 63 ಅಥವಾ ಅದಕ್ಕಿಂತ ಕಡಿಮೆ ಮೌಲ್ಯ ಬಿಟ್ಟಿದೆ ಎಂದೂ 64 ಅಥವಾ ಹೆಚ್ಚಿನದು ಒತ್ತಿದೆ ಎಂದೂ ಅರ್ಥ. ಹಳೆಯ ಐದು ಪಿನ್ನಿನ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಹರಿಯುತ್ತವೆ. ಒಂದು ಬೈಟಿಗೆ ಆರಂಭ ಮತ್ತು ಅಂತ್ಯದ ಬಿಟ್‌ಗಳೂ ಸೇರಿ ಹತ್ತು ಬಿಟ್‌ಗಳು ಬೇಕಾದ್ದರಿಂದ, ಇಡೀ ಸಂದೇಶ 0.96 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ.

ಸಸ್ಟೇನ್ ಪೆಡಲನ್ನು ಜೋಡಿಸಲು 6.35 ಮಿಲಿಮೀಟರಿನ ಜ್ಯಾಕಿನ ಸ್ಲೀವನ್ನು (ಪ್ಲಗ್ಗಿನ ಬುಡಕ್ಕೆ ತಾಗುವ ಸಂಪರ್ಕ) ಗ್ರೌಂಡಿಗೂ ಟಿಪ್ಪನ್ನು (ಪ್ಲಗ್ಗಿನ ತುದಿಗೆ ತಾಗುವುದು) ಮೈಕ್ರೋಕಂಟ್ರೋಲರಿನ ಒಂದು ಡಿಜಿಟಲ್ ಪಿನ್ನಿಗೂ ಸೇರಿಸಿದರೆ ಸಾಕು. ಆದರೆ ಸ್ವಿಚ್ ತೆರೆದಿರುವಾಗ ಪಿನ್ನಿಗೆ ಯಾವ ಆಸರೆಯೂ ಇಲ್ಲದೆ ಅದು ಸುತ್ತಲಿನ ವಿದ್ಯುತ್ ಗದ್ದಲಕ್ಕೆ ಸಿಕ್ಕಿ ಮನಬಂದಂತೆ ಬದಲಾಗುತ್ತದೆ. ಆರ್ಡುಯಿನೊ ಊನೊದಂಥ ಮೈಕ್ರೋಕಂಟ್ರೋಲರ್ ಬೋರ್ಡುಗಳ ಚಿಪ್ಪಿನೊಳಗೇ 20ರಿಂದ 50 ಕಿಲೋಓಮಿನ ಪುಲ್-ಅಪ್ ರೆಸಿಸ್ಟರ್ ಇದ್ದು, ಪ್ರೋಗ್ರಾಮಿನಲ್ಲಿ ಅದನ್ನು ಚಾಲೂ ಮಾಡಿದರೆ ತೆರೆದ ಪಿನ್ 5 ವೋಲ್ಟಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ, ಸ್ವಿಚ್ ಮುಚ್ಚಿದಾಗ ಸೊನ್ನೆಗೆ ಇಳಿಯುತ್ತದೆ. ಎಲ್ಲ ಪೆಡಲುಗಳೂ ಒಂದೇ ದಿಕ್ಕಿನವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಕೆಲವು ಒತ್ತಿದಾಗ ಸಂಪರ್ಕ ಸೇರಿಸುತ್ತವೆ, ಕೆಲವು ಒತ್ತಿದಾಗ ಕಡಿಯುತ್ತವೆ. ಅನೇಕ ಕೀಬೋರ್ಡುಗಳಂತೆ ನಮ್ಮ ಪೆಟ್ಟಿಗೆಯೂ ವಿದ್ಯುತ್ ಬಂದ ಕ್ಷಣದಲ್ಲಿ ಪಿನ್ನನ್ನು ಓದಿ, ಆಗ ಕಂಡದ್ದನ್ನೇ ‘ಬಿಟ್ಟ ಸ್ಥಿತಿ’ ಎಂದು ನೆನಪಿಟ್ಟುಕೊಂಡರೆ ಎರಡೂ ಬಗೆಯವು ಸರಿಯಾಗಿ ನಡೆಯುತ್ತವೆ. ಪ್ಲಗ್ಗನ್ನು ಮೊದಲೇ ಸಿಕ್ಕಿಸಿ, ಪೆಡಲಿನ ಮೇಲೆ ಕಾಲಿಡದೆ ಪೆಟ್ಟಿಗೆಯನ್ನು ಚಾಲೂ ಮಾಡಬೇಕು.

ಇನ್ನು ಸಂಪರ್ಕದ ಪುಟಿತದ ವಿಚಾರ. ಎರಡು ಲೋಹದ ತಗಡುಗಳು ಸೇರುವಾಗ ಒಮ್ಮೆಲೇ ಅಂಟಿಕೊಳ್ಳುವುದಿಲ್ಲ; ನೆಲಕ್ಕೆ ಬಿದ್ದ ಚೆಂಡಿನಂತೆ ಹಲವು ಬಾರಿ ಪುಟಿದು ಆಮೇಲೆ ನಿಲ್ಲುತ್ತವೆ. ಮನುಷ್ಯನಿಗೆ ಒಂದೇ ಒತ್ತಾಗಿ ತೋರುವುದು ಚಿಪ್ಪಿಗೆ ಕೆಲವು ಮಿಲಿಸೆಕೆಂಡುಗಳಲ್ಲಿ ನಡೆದ ಹತ್ತಾರು ಒತ್ತುಗಳಾಗಿ ಕಾಣಬಹುದು. ನಾದ ಬದಲಿಸುವ ಪೆಡಲಿನಲ್ಲಿ ಇದರ ಪರಿಣಾಮವಾಗಿ ಒಂದು ಹೆಜ್ಜೆಯ ಬದಲು ಮೂರು ಹೆಜ್ಜೆ ಮುಂದೆ ಹಾರಿಬಿಡುತ್ತದೆ. ಪಿನ್ 20 ಮಿಲಿಸೆಕೆಂಡು ಅಲುಗಾಡದೆ ನಿಂತ ಮೇಲೆಯೇ ಸಂದೇಶ ಕಳಿಸುವುದು ಇದಕ್ಕೆ ವಾಡಿಕೆಯ ಪರಿಹಾರ. ಬೆಳಕಿನ ಸ್ವಿಚ್ಚಿಗೆ ಅದು ಸಾಕು. ವಾದ್ಯಕ್ಕೆ ಅದು ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಪಾದದಿಂದ ತಾಳವಾದ್ಯದ ಸದ್ದು ಎಬ್ಬಿಸುವವರಿಗೆ ಆ ತಡ ಪ್ರತಿ ಪೆಟ್ಟಿನಲ್ಲೂ ಕಾಡುತ್ತದೆ. ಮೊದಲ ಬದಲಾವಣೆ ಕಂಡ ಕೂಡಲೇ ಸಂದೇಶ ಕಳಿಸಿ, ಅನಂತರದ ಹತ್ತು ಮಿಲಿಸೆಕೆಂಡು ಪಿನ್ನನ್ನು ಕಡೆಗಣಿಸಿ, ಆ ಅವಧಿ ಮುಗಿದಾಗ ಅದರ ಸ್ಥಿತಿಯನ್ನು ಮತ್ತೊಮ್ಮೆ ಹೋಲಿಸಿ ನೋಡುವುದು ಉತ್ತಮ ಮಾರ್ಗ. ಕೊನೆಯ ಹೋಲಿಕೆಯನ್ನು ಬಿಟ್ಟರೆ, ಕಡೆಗಣಿಸಿದ ಅವಧಿಯಲ್ಲಿ ಕಾಲು ತೆಗೆದದ್ದು ದಾಖಲಾಗದೇ ಹೋಗುತ್ತದೆ.

ಎಕ್ಸ್‌ಪ್ರೆಶನ್ ಪೆಡಲು ಹೆಚ್ಚಿನ ಎಚ್ಚರ ಬೇಡುತ್ತದೆ. ಅದರಲ್ಲಿ ಸಾಮಾನ್ಯವಾಗಿ 10ರಿಂದ 50 ಕಿಲೋಓಮಿನ ಪೊಟೆನ್ಶಿಯೋಮೀಟರ್ ಇರುತ್ತದೆ. ಅದರ ಮೂರು ಕಾಲುಗಳು ಪ್ಲಗ್ಗಿನ ಟಿಪ್, ನಡುವಿನ ಉಂಗುರವಾದ ರಿಂಗ್, ಸ್ಲೀವ್‌ಗಳಿಗೆ ಸೇರಿರುತ್ತವೆ. ಅನೇಕ ಪೆಡಲುಗಳಲ್ಲಿ ರಿಂಗಿಗೆ ವೋಲ್ಟೇಜ್ ಕೊಟ್ಟು ಟಿಪ್ಪಿನಿಂದ ಓದಬೇಕು. ಯಮಾಹ ಮಾದರಿಯ ಪೆಡಲುಗಳಲ್ಲಿ ಇದು ಅದಲುಬದಲು. 5 ವೋಲ್ಟನ್ನು ರಿಂಗಿಗೆ ನೇರವಾಗಿ ಕೊಡಲೇಬಾರದು. ಎರಡೇ ಸಂಪರ್ಕಗಳ ಸಸ್ಟೇನ್ ಪ್ಲಗ್ಗನ್ನು ಅದೇ ಜ್ಯಾಕಿಗೆ ತೂರಿಸಿದರೆ ಅದರ ಉದ್ದನೆಯ ಸ್ಲೀವ್ ರಿಂಗಿಗೆ ತಾಗಿ ವಿದ್ಯುತ್ತು ನೇರವಾಗಿ ಗ್ರೌಂಡಿಗೆ ಹರಿಯುತ್ತದೆ. ನಡುವೆ 1 ಕಿಲೋಓಮಿನ ರೆಸಿಸ್ಟರ್ ಇಟ್ಟರೆ ಆಗಲೂ ಹರಿಯುವುದು 5 ಮಿಲಿಆಂಪಿಯರ್ ಮಾತ್ರ.

ಈ ರಕ್ಷಣೆಗೆ ಒಂದು ಬೆಲೆಯಿದೆ. ಊನೊ ಬೋರ್ಡು 0ರಿಂದ 5 ವೋಲ್ಟನ್ನು 0ರಿಂದ 1023ರ ಸಂಖ್ಯೆಯಾಗಿ ಓದುತ್ತದೆ. 10 ಕಿಲೋಓಮಿನ ಪೆಡಲಿಗೆ ಮೇಲಿನ ರೆಸಿಸ್ಟರ್ ಸೇರಿದಾಗ ಗರಿಷ್ಠ ಓದು ಹನ್ನೊಂದರಲ್ಲಿ ಹತ್ತು ಭಾಗ, ಅಂದರೆ ಸುಮಾರು 930. ಇದನ್ನು ಎಂಟರಿಂದ ಭಾಗಿಸಿ ಮಿಡಿಗೆ ಕಳಿಸಿದರೆ 116 ಬರುತ್ತದೆ. ಪೆಡಲನ್ನು ಎಷ್ಟೇ ಅದುಮಿದರೂ 127 ಸಿಗುವುದಿಲ್ಲ. ಪೆಡಲಿನ ಯಾಂತ್ರಿಕ ಚಲನೆ ಪೊಟೆನ್ಶಿಯೋಮೀಟರಿನ ಎರಡೂ ತುದಿಗಳನ್ನು ಮುಟ್ಟದಿದ್ದರೆ ಕೊರತೆ ಇನ್ನೂ ಹೆಚ್ಚುತ್ತದೆ. ಆದುದರಿಂದ ಪೆಡಲನ್ನು ಒಮ್ಮೆ ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಪೂರ್ತಿ ಆಡಿಸಿ, ಕನಿಷ್ಠ ಮತ್ತು ಗರಿಷ್ಠ ಓದುಗಳನ್ನು ಪೆಟ್ಟಿಗೆಗೆ ಕಲಿಸಿ, ಅವುಗಳ ನಡುವಿನ ವ್ಯಾಪ್ತಿಯನ್ನು 0–127ಕ್ಕೆ ಹಿಗ್ಗಿಸಬೇಕು. ಎರಡೂ ತುದಿಗಳಲ್ಲಿ ಸ್ವಲ್ಪ ಜಾಗವನ್ನು ಬಿಟ್ಟುಕೊಟ್ಟರೆ ಸೊನ್ನೆಯೂ 127 ಕೂಡ ಪ್ರತಿಸಲ ಖಚಿತವಾಗಿ ದೊರೆಯುತ್ತವೆ.

ಕಾಲು ಅಲುಗದೆ ನಿಂತಿದ್ದರೂ ಓದು ಒಂದೆರಡು ಅಂಕೆಗಳಷ್ಟು ಮೇಲೆ ಕೆಳಗೆ ತೂಗುತ್ತಿರುತ್ತದೆ. ಅದು ಎರಡು ಮಿಡಿ ಮೌಲ್ಯಗಳ ಗಡಿಯಲ್ಲಿದ್ದರೆ 63, 64, 63 ಎಂದು ಸಂದೇಶಗಳು ಎಡೆಬಿಡದೆ ಹೊರಡುತ್ತವೆ, ಮತ್ತು ಐದು ಪಿನ್ನಿನ ಕೇಬಲ್ಲಿನಲ್ಲಿ ಸ್ವರಗಳ ಸಂದೇಶಗಳು ಅವುಗಳ ಹಿಂದೆ ಕಾಯಬೇಕಾಗುತ್ತದೆ. ಸರಾಸರಿ ತೆಗೆದು ನಯಗೊಳಿಸಬಹುದು, ಆದರೆ ಸರಾಸರಿ ಹೆಚ್ಚಿದಷ್ಟೂ ಪೆಡಲು ಮಂದವಾಗುತ್ತದೆ. ಹಿಂದಿನ ಓದಿಗಿಂತ ಆರೆಂಟು ಅಂಕೆಗಳಷ್ಟಾದರೂ ವ್ಯತ್ಯಾಸವಾಗದ ಹೊರತು ಹೊಸ ಮೌಲ್ಯವನ್ನು ಒಪ್ಪದಿರುವ ನಿಯಮವೇ ನುಡಿಸುವವರ ಪಾದಕ್ಕೆ ಹೆಚ್ಚು ನ್ಯಾಯ ಒದಗಿಸುತ್ತದೆ.

ಪೆಡಲನ್ನು ನುಡಿಸುವ ನಡುವೆ ಕಿತ್ತರೆ ಏನಾಗುತ್ತದೆ ಎಂಬುದನ್ನೂ ಯೋಚಿಸಿರಬೇಕು. ಒತ್ತಿದಾಗ ಸಂಪರ್ಕ ಕಡಿಯುವ ಬಗೆಯದಾದರೆ, ಖಾಲಿ ಜ್ಯಾಕ್ ಪೆಟ್ಟಿಗೆಗೆ ಒತ್ತಿದ ಪೆಡಲಿನಂತೆಯೇ ಕಂಡು ಸ್ವರಗಳು ಮುಗಿಯದೆ ನಿಲ್ಲುತ್ತವೆ. ಪ್ಲಗ್ ಇದೆಯೇ ಎಂದು ತಿಳಿಸುವ ಹೆಚ್ಚುವರಿ ಸಂಪರ್ಕವುಳ್ಳ ಜ್ಯಾಕನ್ನು ಬಳಸಿ, ಪ್ಲಗ್ ಹೊರಬಂದ ಕೂಡಲೇ 64ನೇ ಕಂಟ್ರೋಲರಿಗೆ ಸೊನ್ನೆಯನ್ನು ಕಳಿಸಬೇಕು. ಎಲ್ಲ ಸ್ವರಗಳನ್ನೂ ನಿಲ್ಲಿಸುವ 123ನೇ ಸಂದೇಶವನ್ನು ಇಲ್ಲಿ ನಂಬುವಂತಿಲ್ಲ, ಏಕೆಂದರೆ ಸಸ್ಟೇನ್ ಹಿಡಿದಿರುವ ಸ್ವರಗಳು ಅದರಿಂದ ಬಿಡುಗಡೆಯಾಗುವುದಿಲ್ಲ. ಪೆಡಲು ಒತ್ತಿರುವಾಗಲೇ ಮಿಡಿ ಚಾನೆಲನ್ನು ಬದಲಿಸುವ ಸೌಲಭ್ಯ ಪೆಟ್ಟಿಗೆಯಲ್ಲಿದ್ದರೆ, ಬಿಡುಗಡೆಯ ಸೊನ್ನೆ ಹೋಗಬೇಕಾದದ್ದು ಒತ್ತಿದ ಸಂದೇಶ ಹೋಗಿದ್ದ ಹಳೆಯ ಚಾನೆಲಿಗೇ.