ಪೋಸ್ಟ್‌ಗ್ರೆಸ್‌ನ ‘ತಾತ್ಕಾಲಿಕ’ ಏರ್ಪಾಟು: ಸರ್ವರ್ ತುಂಬ ಪ್ರೊಸೆಸ್‌ಗಳು ಯಾಕೆ?

ಡೇಟಾಬೇಸ್ ನಿಧಾನವಾಗಿದೆ ಅಂತ ಸರ್ವರ್‌ಗೆ ಲಾಗಿನ್ ಆಗಿ, ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಪಿಎಸ್ (ps) ಕಮಾಂಡ್ ಕೊಟ್ಟರೆ ಪರದೆ ತುಂಬ ಪೋಸ್ಟ್‌ಗ್ರೆಸ್ (PostgreSQL ಎಂಬ ಡೇಟಾಬೇಸ್ ಸಾಫ್ಟ್‌ವೇರ್) ಪ್ರೊಸೆಸ್‌ಗಳು. ನೂರಾರು. ಹೊಸಬರಿಗೆ ಗಾಬರಿಯಾಗುತ್ತದೆ. ಆದರೆ ಒಂದು ಕನೆಕ್ಷನ್‌ಗೆ ಒಂದು ಪ್ರೊಸೆಸ್ ಅನ್ನುವುದೇ ಪೋಸ್ಟ್‌ಗ್ರೆಸ್ ನಡೆಯುವ ಕ್ರಮ.

1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ತಂಡ ಈ ಕೆಲಸ ಶುರು ಮಾಡಿತು. ಆಗ ಯುನಿಕ್ಸ್‌ನಲ್ಲಿ ಥ್ರೆಡ್‌ಗಳನ್ನು (ಒಂದೇ ಪ್ರೊಸೆಸ್ ಒಳಗೆ ಒಟ್ಟೊಟ್ಟಿಗೆ ನಡೆಯುವ ಹಗುರ ಕೆಲಸಗಳು) ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಪೋಸಿಕ್ಸ್ ಥ್ರೆಡ್ ಮಾನದಂಡ ಬಂದದ್ದೇ 1995ರಲ್ಲಿ. ಸಿಸ್ಟಮ್ ಬೇಗ ಓಡಲಿ ಅಂತ ಸುಲಭದ ದಾರಿ ಹಿಡಿದೆವು, ಮುಂದೆ ಬದಲಾಯಿಸುತ್ತೇವೆ ಎಂದು ಆ ತಂಡವೇ ಬರೆದುಕೊಂಡಿತ್ತು. ಆ ‘ಮುಂದೆ’ ಇನ್ನೂ ಬಂದಿಲ್ಲ! 2023ರಲ್ಲಿ ಪೋಸ್ಟ್‌ಗ್ರೆಸ್ ಡೆವಲಪರ್ ಹೈಕ್ಕಿ ಲಿನ್ನಕಂಗಾಸ್ ಥ್ರೆಡ್‌ಗಳ ಮಾತನ್ನು ಮತ್ತೆ ಎತ್ತಿದರು. ದಶಕಗಳ ಕೋಡು, ಎಕ್ಸ್‌ಟೆನ್ಷನ್‌ಗಳು ಎಲ್ಲ ಪ್ರೊಸೆಸ್ ಕ್ರಮವನ್ನೇ ನಂಬಿಕೊಂಡಿವೆ, ಬೇಗ ಆಗುವ ಕೆಲಸವಲ್ಲ.

ವೆಬ್ ಬೆಳೆದ ಮೇಲೆ ಇದು ಹೊರೆಯಾಯಿತು. ಒಟ್ಟಿಗೆ ಎಷ್ಟು ಕನೆಕ್ಷನ್ ಇರಬಹುದು ಎಂಬ ಮ್ಯಾಕ್ಸ್ ಕನೆಕ್ಷನ್ಸ್ (max_connections) ಸೆಟ್ಟಿಂಗ್ ಮೊದಲಿಗೇ ಇರುವುದು 100. ಹತ್ತು ಆ್ಯಪ್ ಸರ್ವರ್, ಒಂದೊಂದರಲ್ಲೂ 20ರ ಪೂಲ್ (ತೆರೆದೇ ಇಟ್ಟ ಕನೆಕ್ಷನ್‌ಗಳ ಗುಂಪು) ಅಂದರೆ 200 ಆಯ್ತಲ್ವಾ? ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಎಂಬ ಎರರ್ ಬರುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: 100 ಅನ್ನು 1000 ಮಾಡುವುದು. ನನ್ನ ಪ್ರಕಾರ ಅಲ್ಲೇ ಎಡವುವುದು. ಸಿಪಿಯು ಕೋರ್ ಇರುವಷ್ಟೇ ಇದೆ. ಸಾವಿರ ಕ್ವೆರಿ ಒಟ್ಟಿಗೆ ನುಗ್ಗಿದರೆ ಎಲ್ಲವೂ ನಿಧಾನ, ಮೆಮೊರಿಯೂ ಜಾಸ್ತಿ ಬೇಕು.

ಮೊದಲು ಪ್ರತಿ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿ (pg_stat_activity) ನೋಡಬೇಕು. ಅದರ ಸ್ಟೇಟ್ ಕಾಲಮ್ 2012ರ ಪೋಸ್ಟ್‌ಗ್ರೆಸ್ 9.2 ಆವೃತ್ತಿಯಲ್ಲಿ ಬಂತು. ‘ಆ್ಯಕ್ಟಿವ್’ ಜಾಸ್ತಿ ಇದ್ದರೆ ಕ್ವೆರಿ ನಿಧಾನವೋ, ಲಾಕ್‌ಗೆ ಕಾಯುತ್ತಿದೆಯೋ ನೋಡಿ. ಬರೀ ‘ಐಡಲ್’ ಜಾಸ್ತಿ ಇದ್ದರೆ ಆ್ಯಪ್‌ನ ಪೂಲ್ ದೊಡ್ಡದಾಗಿದೆ. ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅಂದರೆ ಟ್ರಾನ್ಸಾಕ್ಷನ್ ಶುರು ಮಾಡಿ ಮುಗಿಸದೆ ಕೂತ ಕನೆಕ್ಷನ್, ಕಂಡರೆ ಮಾತ್ರ ಎಚ್ಚರ. ಊಟ ಮುಗಿಸಿಯೂ ಟೇಬಲ್ ಬಿಡದ ಗಿರಾಕಿ ಅದು: ಕೆಲಸವಿಲ್ಲ, ಆದರೆ ಹಾಕಿದ ಲಾಕ್ ಬಿಡುವುದಿಲ್ಲ, ಹಿಂದೆ ಉಳಿದವರು ಸಾಲು ನಿಲ್ಲುತ್ತಾರೆ. ಕಮಿಟ್ ಮಾಡದೆ ಬೇರೆ ಕೆಲಸಕ್ಕೆ ಹೋದ ಆ್ಯಪ್ ಕೋಡೇ ಬಹುಪಾಲು ಇದಕ್ಕೆ ಕಾರಣ.

ಸಿಟ್ಟಿನಲ್ಲಿ ಕಿಲ್ ಮೈನಸ್ 9 (ಪ್ರೊಸೆಸ್ ಅನ್ನು ಬಲವಂತವಾಗಿ ಸಾಯಿಸುವ ಕಮಾಂಡ್) ಕೊಡಬೇಡಿ. ಒಂದು ಪ್ರೊಸೆಸ್ ಹಾಗೆ ಸತ್ತರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೊಸೆಸ್ ಆದ ಪೋಸ್ಟ್‌ಮಾಸ್ಟರ್ ಉಳಿದ ಕನೆಕ್ಷನ್‌ಗಳನ್ನೂ ಕಡಿದು ರಿಕವರಿ ಶುರು ಮಾಡುತ್ತದೆ. ಒಂದು ಕನೆಕ್ಷನ್ ಅನ್ನಷ್ಟೇ ಸರಿಯಾಗಿ ಮುಗಿಸುವ ಪಿಜಿ ಟರ್ಮಿನೇಟ್ ಬ್ಯಾಕೆಂಡ್ (pg_terminate_backend) ಇರುವುದು ಇದಕ್ಕೇ. ಟಾಪ್ (top) ಕಮಾಂಡ್‌ನಲ್ಲಿ ಪ್ರತಿ ಪ್ರೊಸೆಸ್‌ಗೆ ಕಾಣುವ ಮೆಮೊರಿಯನ್ನು ಸುಮ್ನೆ ಕೂಡಿಸಿಯೂ ಹೆದರಬೇಡಿ. ಹಂಚಿಕೊಂಡ ಬಫರ್ ಪ್ರತಿ ಪ್ರೊಸೆಸ್ ಲೆಕ್ಕದಲ್ಲೂ ಸೇರಿರುತ್ತದೆ.

ಪರಿಹಾರ ಮೊದಲು ಹೊರಗಿನಿಂದ ಬಂತು. 2007ರಲ್ಲಿ ಸ್ಕೈಪ್ ಹೊರತಂದ ಪಿಜಿಬೌನ್ಸರ್ ಸಾವಿರಾರು ಕ್ಲೈಂಟ್‌ಗಳನ್ನು ಕೆಲವೇ ಕನೆಕ್ಷನ್‌ಗಳಲ್ಲಿ ಸಾಗಿಸುತ್ತದೆ. ಆದರೆ ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಬೇರೆ ಕ್ಲೈಂಟ್‌ಗೆ ಹೋಗುವ ಅದರ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಸೆಷನ್‌ಗೆ ಅಂಟಿದ ಸೆಟ್ಟಿಂಗ್‌ಗಳು ಕೈಕೊಡುತ್ತವೆ. ಪೋಸ್ಟ್‌ಗ್ರೆಸ್ ಒಳಗೂ ಸುಧಾರಣೆಯಾಯಿತು: 2016ರ 9.6ರಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ಗೆ ಟೈಮೌಟ್, 2021ರ 14ರಲ್ಲಿ ಬರೀ ಐಡಲ್‌ಗೂ ಟೈಮೌಟ್. ಅದೇ 14ರಲ್ಲಿ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್ ಸ್ನ್ಯಾಪ್‌ಶಾಟ್ (ಕ್ವೆರಿಗೆ ಯಾವ ಡೇಟಾ ಕಾಣಬೇಕು ಎಂಬ ಲೆಕ್ಕ) ಕೆಲಸವನ್ನು ಹಗುರ ಮಾಡಿದ್ದರಿಂದ ಸುಮ್ಮನೆ ಕೂತ ಕನೆಕ್ಷನ್‌ಗಳ ಹೊರೆ ಬಹಳ ಇಳಿಯಿತು. ಈ ಎರಡೂ ಟೈಮೌಟ್‌ಗಳು ಮೊದಲಿಗೆ ಆಫ್ ಆಗಿರುತ್ತವೆ, ನೀವೇ ಆನ್ ಮಾಡಬೇಕು.