ಖರ್ಚಿನ ವಿವರ ನೋಡಿ ಎಕ್ಸೆಲ್ ತಾನೇ ವಿಭಾಗ ಬರೆಯಬಲ್ಲದೆ?

ಪ್ರಶ್ನೆ: ಉಡುಪಿಯ ರಥಬೀದಿ ಸಮೀಪ ನಮ್ಮದೊಂದು ಸಣ್ಣ ಹೋಟೆಲ್ ಇದೆ. ದಿನದ ಖರ್ಚನ್ನು ಎಕ್ಸೆಲ್‌ನಲ್ಲಿ ‘ಮಟ್ಟುಗುಳ್ಳ 5 ಕೆ.ಜಿ.’, ‘ರಿಕ್ಷಾ ಬಾಡಿಗೆ’ ಎಂದು ಬರೆದಿಡುತ್ತೇವೆ. ತಿಂಗಳ ಕೊನೆಗೆ ಪ್ರತಿ ಸಾಲಿನೆದುರು ತರಕಾರಿ, ದಿನಸಿ, ಸಾಗಾಟ ಎಂದು ಕೈಯಾರೆ ತುಂಬಿಸುವುದನ್ನು ತಪ್ಪಿಸಬಹುದೇ?

ಉತ್ತರ: ಖಂಡಿತ ತಪ್ಪಿಸಬಹುದು. ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎಂದು ಷರತ್ತು ನೋಡುವ ಇಫ್ ಎಂಬ ಫಂಕ್ಷನ್ನಿನೊಳಗೆ ಇನ್ನೊಂದು ಇಫ್ ಜೋಡಿಸುವ ದಾರಿಯನ್ನು ಹಲವರು ಸೂಚಿಸುತ್ತಾರೆ. ಎಕ್ಸೆಲ್ 2007ರಿಂದೀಚೆಗೆ ಹಾಗೆ 64 ಹಂತಗಳವರೆಗೆ ಅವಕಾಶವಿದ್ದರೂ, ಹೊಸ ಸಾಮಾನು ಬಂದಾಗಲೆಲ್ಲ ಸೂತ್ರವನ್ನೇ ತಿದ್ದಬೇಕಾಗುವುದರಿಂದ ನಾನದನ್ನು ಮೆಚ್ಚುವುದಿಲ್ಲ. ಅದರ ಬದಲು ಇ ಕಾಲಮ್ಮಿನಲ್ಲಿ ಹುಡುಕಬೇಕಾದ ಪದಗಳನ್ನೂ ಎಫ್ ಕಾಲಮ್ಮಿನಲ್ಲಿ ಅವುಗಳ ವಿಭಾಗಗಳನ್ನೂ ಬರೆದು, ಖರ್ಚಿನ ವಿವರವು ಎ2ರಲ್ಲಿದ್ದರೆ ಬಿ2ರಲ್ಲಿ ಈ ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ:

=ಲುಕಪ್(2, 1/ಸರ್ಚ್($ಇ$2:$ಇ$20, ಎ2), $ಎಫ್$2:$ಎಫ್$20)

ಪದ ಸಿಕ್ಕಿದರೆ ಸರ್ಚ್ ಅದರ ಸ್ಥಾನವನ್ನು ಅಂಕೆಯಾಗಿ ಕೊಡುತ್ತದೆ, ಸಿಗದಿದ್ದರೆ ದೋಷ ತೋರಿಸುತ್ತದೆ. ಒಂದನ್ನು ಆ ಅಂಕೆಯಿಂದ ಭಾಗಿಸಿದಾಗ ಬರುವುದು ಎಂದೂ ಒಂದನ್ನು ಮೀರದು. ಆದ್ದರಿಂದ ಎರಡು ಎಂಬ ಅಂಕೆಯನ್ನು ಹುಡುಕ ಹೊರಟ ಲುಕಪ್, ಅದು ಸಿಗದೆ, ದೋಷಗಳನ್ನೆಲ್ಲ ಬಿಟ್ಟು, ಪಟ್ಟಿಯಲ್ಲಿ ಹೊಂದಿಕೆಯಾದ ಕೊನೆಯ ಪದದ ವಿಭಾಗವನ್ನು ತಂದಿಡುತ್ತದೆ.

‘ಕೊನೆಯ’ ಎಂಬುದನ್ನು ಗಮನಿಸಿ. ‘ಬಾಡಿಗೆ’ ಎಂದರೆ ಕಟ್ಟಡದ ಖರ್ಚು, ‘ರಿಕ್ಷಾ’ ಎಂದರೆ ಸಾಗಾಟ ಎಂದು ನೀವು ಬರೆದಿದ್ದರೆ, ‘ರಿಕ್ಷಾ ಬಾಡಿಗೆ’ಯಲ್ಲಿ ಎರಡೂ ಸಿಗುತ್ತವೆ. ಸಾಮಾನ್ಯ ಪದ ಮೇಲೆ, ನಿರ್ದಿಷ್ಟ ಪದ ಕೆಳಗೆ ಇರಲಿ. ಪಟ್ಟಿಯ ನಡುವೆಯಾಗಲಿ ಕೊನೆಯಲ್ಲಾಗಲಿ ಖಾಲಿ ಸೆಲ್ ಮಾತ್ರ ಬೇಡ: ಖಾಲಿ ಪದವನ್ನು ಎಕ್ಸೆಲ್ ಎಲ್ಲ ಸಾಲುಗಳಲ್ಲೂ ‘ಕಂಡು’, ಉತ್ತರವಾಗಿ ಸೊನ್ನೆ ತೋರಿಸುತ್ತದೆ. ಆದ್ದರಿಂದ 20 ಎಂಬಲ್ಲಿ ನಿಮ್ಮ ಪಟ್ಟಿಯ ಕೊನೆಯ ಸಾಲಿನ ಸಂಖ್ಯೆಯನ್ನೇ ಹಾಕಿ.

ಕನ್ನಡದಲ್ಲಿ ಲೆಕ್ಕ ಬರೆಯುವವರಿಗೆ ಇನ್ನೊಂದು ತೊಡಕಿದೆ. ‘ಎಣ್ಣೆ’ ಎಂದು ಕೊಟ್ಟರೆ ‘ಕೊಬ್ಬರಿ ಎಣ್ಣೆ’ ಸಿಗುತ್ತದೆ, ‘ತೆಂಗಿನೆಣ್ಣೆ’ ಸಿಗುವುದಿಲ್ಲ. ಸಂಧಿಯಾದಾಗ ‘ಎ’ ಎಂಬ ಅಕ್ಷರವೇ ಅಲ್ಲಿ ಉಳಿಯದೆ ಅದರ ಗುಣಿತಚಿಹ್ನೆ ಮಾತ್ರ ಇರುತ್ತದೆ. ಹಾಗೆಂದು ‘ಣ್ಣೆ’ ಎಂದಷ್ಟೇ ಕೊಟ್ಟರೆ ಬೆಣ್ಣೆಯೂ ಎಣ್ಣೆಯ ಲೆಕ್ಕಕ್ಕೆ ಸೇರೀತು! ‘ಎಣ್ಣೆ’, ‘ನೆಣ್ಣೆ’ ಎರಡನ್ನೂ ಬೇರೆ ಬೇರೆ ಸಾಲುಗಳಲ್ಲಿ ಬರೆಯುವುದು ಕ್ಷೇಮ. ‘ಹಾಲು’, ‘ಹಾಲಿನ’ ಎಂಬಂಥ ವಿಭಕ್ತಿರೂಪಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಯಾವ ಪದವೂ ಸಿಗದ ಸಾಲುಗಳಲ್ಲಿ ದೋಷದ ಬದಲು ‘ಇತರೆ’ ಎಂದು ಬರುವಂತೆ ಇಡೀ ಸೂತ್ರವನ್ನು ಇಫ್‌ಎರರ್‌ನೊಳಗೆ ಇಡಿ. ಗೂಗಲ್ ಶೀಟ್ಸ್ ಬಳಸುವವರು ಅದರ ಹೊರಗೆ, ಇಡೀ ಪಟ್ಟಿಯನ್ನು ಒಟ್ಟಿಗೆ ಲೆಕ್ಕಹಾಕಿಸುವ ಅರೇಫಾರ್ಮುಲಾ ಎಂಬ ಫಂಕ್ಷನ್ನನ್ನೂ ಸುತ್ತಬೇಕು. ವಾರಕ್ಕೊಮ್ಮೆ ‘ಇತರೆ’ಯನ್ನು ಫಿಲ್ಟರ್ ಮಾಡಿ ನೋಡಿದರೆ, ಪಟ್ಟಿಗೆ ಇನ್ನೂ ಯಾವ ಪದ ಸೇರಬೇಕೆಂಬುದು ತಿಳಿಯುತ್ತದೆ.